ಸಂತರ ಹಬ್ಬಕ್ಕೆ ಎರೆಮಣ್ಣು ಸಾಕು

ಮಕ್ಕಳಿಗೆ ಸಂತರ ಕಥೆ ಹೇಳುವಾಗ ಅವರ ಕೈಗೆ ಕತ್ತರಿ, ಅಂಟು, ಬಣ್ಣದ ಕಾಗದ ಕೊಡುವುದು ಈಗ ನಮ್ಮ ಧರ್ಮೋಪದೇಶದ ತರಗತಿಗಳಲ್ಲಿಯೂ ರೂಢಿಗೆ ಬಂದಿದೆ. ದಾವಣಗೆರೆಯ ಚರ್ಚಿನಲ್ಲಿ ಭಾನುವಾರದ ಆರಾಧನೆಯಾದ ಬಲಿಪೂಜೆ ಮುಗಿದ ಮೇಲೆ ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುವ ನಾನು ಇದಕ್ಕೆ ಪೂರ್ತಿ ಸಮ್ಮತಿಸುವವಳು. ಪ್ರಶ್ನೋತ್ತರ ಬಾಯಿಪಾಠ ಮಾಡಿಸಿದರೆ ಸಾಕು, ಇದೆಲ್ಲ ಆಟ ಎನ್ನುವ ಪೋಷಕರೂ ಇದ್ದಾರೆ. ಅವರ ಮಕ್ಕಳೇ ಪ್ರಶ್ನೋತ್ತರವನ್ನು ಮೊದಲು ಮರೆಯುವವರು ಎಂಬುದನ್ನು ಬಿಟ್ಟರೆ ಅವರಿಗೆ ಹೇಳುವಂಥದ್ದು ನನ್ನ ಬಳಿ ಹೆಚ್ಚೇನಿಲ್ಲ. ನನ್ನ ತಕರಾರು ಬೇರೆಯದು. ಮಕ್ಕಳ ಕೈಯಲ್ಲಿ ನಾವು ಏನನ್ನು ಮಾಡಿಸುತ್ತೇವೆಯೋ ಅದು ಆ ಸಂತರು ಬದುಕಿದ್ದಾಗ ಮಾಡಿದ ಯಾವುದಾದರೂ ಒಂದು ಕೆಲಸದಿಂದ ಹುಟ್ಟಿರಬೇಕು, ನಮ್ಮ ಊರಿನಲ್ಲಿ ಸಿಗುವ ಸಾಮಾನಿನಿಂದ ಆಗಬೇಕು, ಮತ್ತು ಹಬ್ಬದ ದಿನ ಅದು ಇನ್ನೊಬ್ಬರ ಮನೆಯವರೆಗೆ ಹೋಗಬೇಕು ಎಂದು ನಾನು ಬಯಸುತ್ತೇನೆ.

ಡಿಸೆಂಬರ್ 6ರ ಸಂತ ನಿಕೋಲಾಸರ ಹಬ್ಬವನ್ನೇ ತೆಗೆದುಕೊಳ್ಳಿ. ಅಂತರ್ಜಾಲದಿಂದ ಇಳಿಸಿಕೊಂಡ ಹಾಳೆಗಳಲ್ಲಿ ಹಿಮ, ಜಾರುಬಂಡಿ, ಕೆಂಪು ಟೋಪಿ ಇರುತ್ತವೆ, ಮಕ್ಕಳು ಗಡ್ಡಕ್ಕೆ ಹತ್ತಿ ಅಂಟಿಸಿ ಮನೆಗೆ ಹೋಗುತ್ತಾರೆ. ನಿಕೋಲಾಸರು ಈಗಿನ ಟರ್ಕಿಯ ದಕ್ಷಿಣ ಕರಾವಳಿಯ ಮೈರಾ ಎಂಬ ಊರಿನ ಧರ್ಮಾಧ್ಯಕ್ಷರು, ಎಂದರೆ ಬಿಷಪ್, ಆಗಿದ್ದವರು. ಆ ಸಮುದ್ರತೀರಕ್ಕೂ ಈ ಜಾರುಬಂಡಿಗೂ ಏನೂ ಸಂಬಂಧವಿಲ್ಲ. ಅವರ ಬಗ್ಗೆ ಬಹುಕಾಲದಿಂದ ಹೇಳಿಕೊಂಡು ಬಂದ ಕಥೆಯಾದರೋ ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾದ ಅಗತ್ಯವೇ ಇಲ್ಲದಷ್ಟು ಹತ್ತಿರದ್ದು: ಮೂವರು ಹೆಣ್ಣುಮಕ್ಕಳ ತಂದೆಯೊಬ್ಬನಿಗೆ ವರದಕ್ಷಿಣೆ ಹೊಂದಿಸಲಾಗದೆ ಮದುವೆಗಳು ನಿಂತುಹೋಗಿರುತ್ತವೆ, ನಿಕೋಲಾಸರು ರಾತ್ರಿ ಯಾರಿಗೂ ತಿಳಿಯದಂತೆ ಕಿಟಕಿಯಿಂದ ಹೊನ್ನಿನ ಚೀಲಗಳನ್ನು ಎಸೆದು ಹೋಗುತ್ತಾರೆ. ಈ ಕಥೆ ಹೇಳಿದಾಗ ಮೂರನೆಯ ತರಗತಿಯ ಹುಡುಗಿಯೊಬ್ಬಳು, “ಮಿಸ್, ಅಲ್ಲೂ ವರದಕ್ಷಿಣೆ ಕೊಡ್ತಿದ್ರಾ?” ಎಂದು ಕೇಳಿದಳು. ಆಮೇಲೆ ತರಗತಿ ಪೂರ್ತಿ ಅದರ ಮೇಲೆಯೇ ನಡೆಯಿತು, ಮನೆಯಲ್ಲಿ ಕೇಳಿಸಿಕೊಂಡಿದ್ದನ್ನೆಲ್ಲ ಮಕ್ಕಳು ಹೊರಗೆ ಹಾಕಿದರು. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಗೆ ಹೆಸರಾದ ಊರಿದು. ದರ್ಜಿಯ ಅಂಗಡಿಯಲ್ಲಿ ಬಟ್ಟೆಯ ತುಂಡುಗಳಿಗೆ ಬರವಿಲ್ಲ. ಆ ತುಂಡುಗಳಲ್ಲಿ ಮಕ್ಕಳು ಅಂಗೈಯಗಲದ ಚೀಲ ಹೊಲಿದು, ದಾರ ಪೋಣಿಸಿ, ಶೇಂಗಾ ಚಿಕ್ಕಿಯೋ ಪೆನ್ಸಿಲ್ಲೋ ತುಂಬಿ, ತಮ್ಮ ಹೆಸರು ಬರೆಯದೆ ಯಾರದಾದರೂ ಬಾಗಿಲ ಚಿಲಕಕ್ಕೆ ಕಟ್ಟಿ ಬರಬೇಕು. ಕಟ್ಟಿದವರು ಯಾರೆಂದು ಹೇಳದೆ ಬಾಯಿ ಬಿಗಿಹಿಡಿಯುವುದು ಏಳು ವರ್ಷದ ಮಗುವಿಗೆ ಎಷ್ಟು ಕಷ್ಟವೆಂಬುದು ನೋಡಿದವರಿಗೇ ಗೊತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೇ 15ರ ಸಂತ ಇಸಿದೋರರ ಹಬ್ಬ. ಇವರು ಸ್ಪೇನಿನ ಮ್ಯಾಡ್ರಿಡ್ ಬಳಿ ಇನ್ನೊಬ್ಬರ ಹೊಲದಲ್ಲಿ ದುಡಿಯುತ್ತಿದ್ದ ಕೂಲಿಯಾಳು. 1622ರ ಮಾರ್ಚ್ 12ರಂದು ಲೊಯೊಲಾದ ಇಗ್ನೇಷಿಯಸ್, ಫ್ರಾನ್ಸಿಸ್ ಝೇವಿಯರ್, ಆವಿಲಾದ ತೆರೇಸಾ, ಫಿಲಿಪ್ ನೇರಿ ಅವರಂಥ ಘಟಾನುಘಟಿಗಳ ಜೊತೆಯಲ್ಲಿಯೇ ಈ ಒಕ್ಕಲಿಗನನ್ನೂ ಸಂತರೆಂದು ಘೋಷಿಸಲಾಯಿತು ಎಂಬ ಸಂಗತಿಯೇ ನನಗೆ ಒಂದು ಪಾಠದಂತೆ ಕಾಣುತ್ತದೆ. ಬೆಳಗ್ಗೆ ಪ್ರಾರ್ಥನೆಗೆ ಹೋಗಿ ತಡವಾಗಿ ಬರುತ್ತಾನೆಂದು ಜೊತೆಯವರು ಧಣಿಗೆ ಚಾಡಿ ಹೇಳಿದರಂತೆ. ಧಣಿ ಬಂದು ನೋಡಿದರೆ ಇಸಿದೋರರ ಪಾಲಿನ ನೇಗಿಲನ್ನು ದೇವದೂತರು ಹೊಡೆಯುತ್ತಿದ್ದರಂತೆ. ಈ ಕಥೆಗೆ ಎತ್ತು ಬೇಕು, ನೇಗಿಲು ಬೇಕು. ಮಣ್ಣೆತ್ತಿನ ಅಮಾವಾಸ್ಯೆಗೆ ತಲೆತಲಾಂತರದಿಂದ ಎತ್ತು ಮಾಡಿಕೊಂಡು ಬಂದ ಸೀಮೆಯಲ್ಲಿ ಕುಳಿತು ನಾವು ಎತ್ತಿನ ಚಿತ್ರವನ್ನು ಮುದ್ರಿಸಿ ಬಣ್ಣ ತುಂಬಿಸುವುದೆಂದರೆ ಮನೆಯ ಹಿತ್ತಲಲ್ಲಿ ಬಾವಿ ಇಟ್ಟುಕೊಂಡು ಅಂಗಡಿಯ ಬಾಟಲಿ ನೀರಿಗೆ ಸಾಲು ನಿಂತಂತೆ.

ಆದ್ದರಿಂದ ಎರೆಮಣ್ಣು ತರಿಸಿದೆ. ಎರೆಮಣ್ಣು ಒಣಗುವಾಗ ವಿಪರೀತ ಬಿರಿಯುತ್ತದೆ. ಹಾಗಾಗಿ ಜರಡಿ ಹಿಡಿದು, ಹಿಂದಿನ ರಾತ್ರಿಯೇ ನೆನೆಹಾಕಿ, ಬಿಡಿಸಿದ ಹತ್ತಿಯ ಎಳೆಗಳನ್ನು ಸೇರಿಸಿ ರೊಟ್ಟಿಯ ಹಿಟ್ಟಿನ ಹದಕ್ಕೆ ಮಿದಿಯಬೇಕು, ಮಾಡಿದ ಗೊಂಬೆಯನ್ನು ನೆರಳಿನಲ್ಲಿಯೇ ಒಣಗಿಸಬೇಕು. ಕಣ್ಣಿಗೆ ಜೋಳದ ಕಾಳು, ನೊಗಕ್ಕೆ ಮತ್ತು ನೇಗಿಲಿಗೆ ಜೋಳದ ದಂಟು. ಇದನ್ನೆಲ್ಲ ನನಗೆ ಹೇಳಿಕೊಟ್ಟಿದ್ದು ಮಕ್ಕಳೊಬ್ಬರ ಅಜ್ಜಿ; ಅವರು ತರಗತಿಗೆ ಬಂದು ಕುಳಿತ ದಿನ ನನ್ನ ಮಾತನ್ನು ಯಾರೂ ಕೇಳಲಿಲ್ಲ. ದೇವದೂತರನ್ನು ಮಾಡುವಾಗ ರೆಕ್ಕೆ ಹೇಗಿರಬೇಕೆಂಬ ಚರ್ಚೆ ನಡೆಯುತ್ತಿದ್ದರೆ, ಹರಪನಹಳ್ಳಿ ಕಡೆಯ ಹುಡುಗನೊಬ್ಬ ತನ್ನ ದೇವದೂತನ ತಲೆಗೆ ರುಮಾಲು ಸುತ್ತಿಬಿಟ್ಟ. ಬಿಸಿಲಿನಲ್ಲಿ ಹೊಲ ಹೊಡೆಯುವವನಿಗೆ ರುಮಾಲು ಬೇಡವೇ ಎಂಬುದು ಅವನ ವಾದ.

ಮಣ್ಣೆತ್ತು ಬೇರೆಯವರ ಹಬ್ಬದ್ದು, ನಮ್ಮ ತರಗತಿಗೆ ಯಾಕೆ ಎಂದು ಒಂದಿಬ್ಬರು ಕೇಳಿದ್ದುಂಟು. ಮಣ್ಣು, ದಂಟು, ಎತ್ತು ಈ ನೆಲದ ಬೇಸಾಯಗಾರರೆಲ್ಲರವು. ಅವುಗಳನ್ನು ಇಟ್ಟುಕೊಂಡು ಯಾರ ಕಥೆ ಹೇಳುತ್ತೇವೆ ಎಂಬುದರಲ್ಲಿ ಗೊಂದಲವಾಗದಂತೆ ನೋಡಿಕೊಂಡರೆ ಸಾಕು. ಪವಾಡದ ಕಥೆಗಳನ್ನು ಹೇಳುವಾಗ ಮಾತ್ರ ನಾನು ಎಚ್ಚರಿಕೆ ವಹಿಸುತ್ತೇನೆ. ದೇವದೂತರು ನೇಗಿಲು ಹೊಡೆದದ್ದನ್ನು “ಹೀಗೆ ಹೇಳುತ್ತಾರೆ” ಎಂದೂ, 1622ನ್ನು “ಹೀಗೆ ನಡೆಯಿತು” ಎಂದೂ ಬೇರೆ ಬೇರೆಯಾಗಿ ಹೇಳಬೇಕು, ಏಕೆಂದರೆ ದೊಡ್ಡವರಾದ ಮೇಲೆ ಒಂದನ್ನು ನಂಬಲಾಗದೆ ಇನ್ನೊಂದನ್ನೂ ಎಸೆದುಬಿಡುವ ಮಕ್ಕಳನ್ನು ನಾವು ಕಾಣುತ್ತಿದ್ದೇವೆ.

ಹೊರಗಿನಿಂದ ಬಂದದ್ದೆಲ್ಲ ಬೇಡವೆಂಬ ಹಟವೂ ನನಗಿಲ್ಲ. ಕ್ರೊಯೇಷಿಯಾ, ಹಂಗೆರಿಗಳಲ್ಲಿ ಡಿಸೆಂಬರ್ 13ರ ಸಂತ ಲೂಸಿಯವರ ಹಬ್ಬದಂದು ತಟ್ಟೆಯಲ್ಲಿ ಗೋಧಿ ಬಿತ್ತುತ್ತಾರೆ, ಕ್ರಿಸ್ಮಸ್ ಹೊತ್ತಿಗೆ ಹಸಿರು ಎದ್ದು ನಿಲ್ಲುತ್ತದೆ. ನಮ್ಮಲ್ಲಿಯೂ ಕ್ರಿಸ್ತಜನನದ ದೃಶ್ಯವನ್ನು ತೋರಿಸುವ ಗೋದಲಿಗೆಂದು ರಾಗಿ ಮೊಳಕೆ ಹಾಕುವ ಮನೆಗಳಿವೆ, ನವರಾತ್ರಿಯ ಘಟಸ್ಥಾಪನೆಯಲ್ಲಿ ಧಾನ್ಯ ಮೊಳೆಯಿಸುವುದನ್ನು ನೆರೆಮನೆಗಳಲ್ಲಿ ನೋಡಿಯೇ ಬೆಳೆದಿದ್ದೇವೆ. ಲೂಸಿಯವರ ದಿನ ಮಕ್ಕಳಿಂದಲೇ ರಾಗಿ ಬಿತ್ತಿಸಿದರೆ ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದಲ್ಲಿ ಕಾಯುವುದೆಂದರೇನು ಎಂಬುದನ್ನು ಪ್ರತ್ಯೇಕವಾಗಿ ವಿವರಿಸಬೇಕಾಗುವುದಿಲ್ಲ. ದಿನಕ್ಕೆ ಎರಡು ಸಲ ಹೋಗಿ ಇಣುಕುತ್ತಾರೆ. ಗೋದಲಿಯನ್ನು ಕಟ್ಟುವಾಗ, 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ನಿಜವಾದ ಎತ್ತು, ಕತ್ತೆ, ಹುಲ್ಲನ್ನೇ ತರಿಸಿ ಕ್ರಿಸ್ತಜನನದ ರಾತ್ರಿಯನ್ನು ಬಡಜನರ ಕಣ್ಣೆದುರು ತಂದರೆಂಬುದನ್ನು ಹೇಳದೆ ಇರಬಾರದು. ಥರ್ಮಾಕೋಲಿನ ಗೋದಲಿಯ ಬಗ್ಗೆ ಫ್ರಾನ್ಸಿಸರು ಏನನ್ನುತ್ತಿದ್ದರೋ ನಾನರಿಯೆ.

ಇದರಲ್ಲಿ ತೀರಾ ಬೇಸರದ ಸಂಗತಿಯೆಂದರೆ ನಮ್ಮ ನೆಲದ ಸಂತರಿಗೆ ಸಿದ್ಧ ಹಾಳೆಗಳು ಸಿಗುವುದೇ ಅಪರೂಪ. ಗೋವೆಯವರಾದ ಸಂತ ಜೋಸೆಫ್ ವಾಜ್ ಅವರು ನಮ್ಮ ಕರಾವಳಿಯ ಕೆನರಾದಲ್ಲಿ ಕೆಲವು ವರ್ಷ ಸೇವೆ ಮಾಡಿ, ಆಮೇಲೆ ಡಚ್ಚರ ಕೈಯಲ್ಲಿದ್ದ ಸಿಂಹಳಕ್ಕೆ ವೇಷ ಮರೆಸಿಕೊಂಡು ಹೋದವರು. ಜಾಫ್ನಾದಲ್ಲಿ ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋಗುತ್ತಿದ್ದರಂತೆ, ಅದನ್ನು ಕಂಡು ಯಾರ ಮುಖ ಅರಳುತ್ತದೆಯೋ ಅವರು ಕ್ರೈಸ್ತರೆಂದು ತಿಳಿಯಲು. ಜನವರಿ 16ರ ಅವರ ಹಬ್ಬಕ್ಕೆ ನೂಲಿಗೆ ಗಂಟು ಹಾಕಿ ಜಪಮಾಲೆ ಮಾಡಿಸಿ, ಈ ಭಿಕ್ಷೆಯ ಪ್ರಸಂಗವನ್ನು ಆಡಿಸಿದರೆ ಸಾಕು, ಮಕ್ಕಳು ಮತ್ತೆ ಮತ್ತೆ ಆಡುತ್ತಾರೆ. ಅದಕ್ಕೆ ಎರಡು ದಿನ ಮೊದಲು, ಜನವರಿ 14ರಂದು, ತಿರುವಾಂಕೂರಿನ ಸಂತ ದೇವಸಹಾಯಂ ಅವರ ದಿನ. ಮಾರ್ತಾಂಡ ವರ್ಮನ ಅರಮನೆಯ ಅಧಿಕಾರಿಯಾಗಿದ್ದ ಇವರು ಕ್ರೈಸ್ತರಾದ ಮೇಲೆ ಜಾತಿಯ ಮೇಲು-ಕೀಳನ್ನು ಒಪ್ಪದೆ ಎಲ್ಲರೊಂದಿಗೆ ಬೆರೆತರು, ಚಿತ್ರಹಿಂಸೆ ಅನುಭವಿಸಿದರು, 1752ರಲ್ಲಿ ಗುಂಡಿಗೆ ಬಲಿಯಾದರು, 2022ರಲ್ಲಿ ಸಂತರೆನಿಸಿದರು. ಸಂಕ್ರಾಂತಿ ಬರುವುದೂ ಅದೇ ಆಸುಪಾಸಿನಲ್ಲಿ. ಎಳ್ಳು-ಬೆಲ್ಲದ ಪೊಟ್ಟಣವನ್ನು ಮಕ್ಕಳ ಕೈಯಲ್ಲೇ ಮಡಿಸಿಸಿ, ಪ್ರತಿ ಸಲ ಕೊಡುವ ಮನೆಗಳಿಗೆ ಮಾತ್ರವಲ್ಲದೆ, ನಾವು ಎಂದೂ ಒಳಗೆ ಕರೆಯದವರ ಮನೆಗೂ ಕೊಟ್ಟು ಬರುವಂತೆ ಮಾಡುವುದಕ್ಕಿಂತ ಒಳ್ಳೆಯ ಪಾಠ ನನಗಂತೂ ತೋಚುವುದಿಲ್ಲ. ಈ ವಿಷಯದಲ್ಲಿ ಮಕ್ಕಳಿಗಿಂತ ಪೋಷಕರನ್ನು ಒಪ್ಪಿಸುವುದೇ ಕಷ್ಟದ ಕೆಲಸ.

ಇನ್ನು ನವೆಂಬರ್ 1. ಸಕಲ ಸಂತರ ಹಬ್ಬವೂ ಅಂದೇ, ಕನ್ನಡ ರಾಜ್ಯೋತ್ಸವವೂ ಅಂದೇ. ಬೆಳಗ್ಗೆ ಶಾಲೆಯಲ್ಲಿ ಒನಕೆ ಹಿಡಿದು ಓಬವ್ವನಾಗಿದ್ದ ಹುಡುಗಿ ಸಂಜೆ ಚರ್ಚಿಗೆ ಮದರ್ ತೆರೇಸಾ ಆಗಿ ಬರುತ್ತಾಳೆ. ನೀಲಿ ಅಂಚಿನ ಬಿಳಿ ಸೀರೆಯ ತೆರೇಸಾಗಳೇ ಸಾಲಾಗಿ ನಿಲ್ಲುವುದರಿಂದ ಬೇರೆ ಸಂತರಿಗೆ ಜಾಗವೇ ಇರುವುದಿಲ್ಲ. ಹುಡುಗರಿಗೆ ಈಗ ಸುಲಭವಾಗಿದೆ: 2006ರಲ್ಲಿ ಹದಿನೈದನೆಯ ವಯಸ್ಸಿನಲ್ಲಿ ತೀರಿಕೊಂಡು, 2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಕಾರ್ಲೊ ಅಕುಟಿಸ್ ಜೀನ್ಸ್ ತೊಡುತ್ತಿದ್ದ, ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದ ಹುಡುಗ. ನನ್ನ ಕೋರಿಕೆ ಇಷ್ಟೇ. ಬಾಡಿಗೆಯ ಗಡ್ಡ, ಬಾಡಿಗೆಯ ನಿಲುವಂಗಿಗೆ ದುಡ್ಡು ಸುರಿಯಬೇಡಿ. ಮಗು ಯಾವ ಸಂತರಾಗಿ ಬರುತ್ತದೆಯೋ ಅವರು ಮಾಡಿದ ಒಂದು ಕೆಲಸವನ್ನು ಅದು ವೇದಿಕೆಯ ಮೇಲೆ ಮಾಡಿ ತೋರಿಸಲಿ, ಎರಡೇ ನಿಮಿಷವಾದರೂ ಸರಿ. ಅಕ್ಟೋಬರ್ ತಿಂಗಳ ಯಾವುದಾದರೂ ಭಾನುವಾರ ಬಲಿಪೂಜೆಯ ನಂತರ ಸಿಕ್ಕರೆ, ಅಪ್ಪನ ಹಳೆಯ ಪಂಚೆ, ಅಮ್ಮನ ಹತ್ತಿ ಸೀರೆಯಲ್ಲಿಯೇ ಯಾವ ಯಾವ ಸಂತರು ಆಗುತ್ತಾರೆ ಎಂಬುದನ್ನು ಕೂತು ನೋಡೋಣ. ತೆರೇಸಾ ಒಬ್ಬರನ್ನು ಬಿಟ್ಟು.