ರೆಜೆಕ್ಸ್ ಬಿಡಿ, ಪುಟದ ವಿಳಾಸ ನೋಡಿ

ವೆಬ್ ಪುಟದಿಂದ ಲಿಂಕ್ ತೆಗೆಯೋದು ತಾನೆ, ಒಂದು ರೆಜೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕೋ ಸೂತ್ರ) ಬರೆದರೆ ಮುಗೀತು ಅಂತ ನಾನೂ ಜಂಬ ಕೊಚ್ಚಿದ್ದೆ. ಎಚ್‌ರೆಫ್ (ಪುಟದ ಕೋಡ್‌ನಲ್ಲಿ ಲಿಂಕಿನ ವಿಳಾಸ ಬರೆಯೋ ಜಾಗ) ಹುಡುಕು, ಜೋಡಿ ಕೋಟ್ ನಡುವೆ ಇರೋದನ್ನ ಎತ್ಕೋ, ಅಷ್ಟೇ. ಮೊದಲ ಪುಟದಲ್ಲಿ ಚೆನ್ನಾಗೇ ಓಡಿತು. ಎರಡನೆಯದರಲ್ಲಿ ಒಂಟಿ ಕೋಟ್. ಮೂರನೆಯದರಲ್ಲಿ ಕೋಟೇ ಇಲ್ಲ, ಪುಟ ಬರೆಯೋ ಭಾಷೆಯಾದ ಎಚ್‌ಟಿಎಂಎಲ್ ನಿಯಮದ ಪ್ರಕಾರ ಅದೂ ಸರಿ! ಪ್ರತಿ ಸಲವೂ ರೆಜೆಕ್ಸ್‌ಗೆ ಇನ್ನೊಂದು ಬಾಲ ಅಂಟಿಸಿದೆ. ಯಾರೋ ಕೋಡ್‌ನ ಕಾಮೆಂಟ್ (ಬ್ರೌಸರ್ ತೋರಿಸದ ಟಿಪ್ಪಣಿ) ಒಳಗೆ ಮುಚ್ಚಿಟ್ಟಿದ್ದ ಸತ್ತ ಲಿಂಕನ್ನೂ ಸ್ಕ್ರಿಪ್ಟ್ ಹೊತ್ತು ತಂದ ದಿನ ಕೈಮುಗಿದುಬಿಟ್ಟೆ.

ಪಾರ್ಸರ್ ಬಳಸಿ ಮಾರಾಯ್ರೆ, ಅಂದ್ರೆ ಪುಟದ ಕೋಡನ್ನ ಅದರ ರಚನೆ ಪ್ರಕಾರ ಓದೋ ಪ್ರೋಗ್ರಾಂ. ಪೈಥಾನ್ ಭಾಷೆಯ ಜೊತೆಗೇ ಒಂದು ಬರುತ್ತೆ. ಬ್ಯೂಟಿಫುಲ್ ಸೂಪ್ ಅನ್ನೋ ಲೈಬ್ರರಿ ಹಾಕಿಕೊಂಡರೆ ಇನ್ನೂ ಸುಲಭ.

ಆದರೆ ನಿಜವಾದ ತಲೆನೋವು ಆಮೇಲಿನದು, ಅದರ ಬಗ್ಗೆ ಯಾರೂ ಹೇಳಲ್ಲ. ಎಚ್‌ರೆಫ್‌ನಲ್ಲಿ ಪೂರ್ತಿ ವಿಳಾಸ ಇರಲೇಬೇಕು ಅಂತಿಲ್ಲ, ಬರೀ ಬಾಲ ಇರಬಹುದು. ನಾನು ಅದನ್ನ ಪುಟದ ವಿಳಾಸದ ಕೊನೆಗೆ ನೇರ ಅಂಟಿಸಿದೆ. ಸಾಲುಸಾಲಾಗಿ 404, ಅಂದ್ರೆ ‘ಪುಟ ಸಿಕ್ಕಿಲ್ಲ’. ಪುಟದ ವಿಳಾಸ ‘/ಪಾಠ/ಒಂದು’ ಅಂತಿದ್ದು ಲಿಂಕ್‌ನಲ್ಲಿ ಬರೀ ‘ಎರಡು’ ಇದ್ದರೆ ಅದು ಹೋಗೋದು ‘/ಪಾಠ/ಎರಡು’ಗೆ. ಅದೇ ಪುಟದ ವಿಳಾಸ ‘/ಪಾಠ/ಒಂದು/’ ಅಂತಿದ್ದರೆ ‘/ಪಾಠ/ಒಂದು/ಎರಡು’ಗೆ. ಕೊನೆಯ ಒಂದೇ ಒಂದು ಸ್ಲ್ಯಾಶ್! ಈ ಜೋಡಣೆಯ ನಿಯಮವೆಲ್ಲ 2005ರ ಆರ್‌ಎಫ್‌ಸಿ 3986 ಅನ್ನೋ ಇಂಟರ್ನೆಟ್ ಮಾನದಂಡದಲ್ಲಿದೆ. ಪೈಥಾನ್‌ನ ಯುಆರ್‌ಎಲ್‌ಜಾಯಿನ್ ಫಂಕ್ಷನ್ ಆ ಕೆಲಸ ಮಾಡಿಕೊಡುತ್ತೆ, ಸ್ವಂತ ಬುದ್ಧಿ ಖರ್ಚು ಮಾಡಬೇಡಿ. ಅದಕ್ಕೆ ಕೊಡೋ ಮೂಲ ವಿಳಾಸ ಮಾತ್ರ ಸರಿಯಿರಲಿ: ರೀಡೈರೆಕ್ಟ್ ಆಗಿದ್ದರೆ (ಸರ್ವರ್ ಬೇರೆ ವಿಳಾಸಕ್ಕೆ ಕಳಿಸಿದ್ದರೆ) ನೀವು ಕೇಳಿದ ವಿಳಾಸ ಅಲ್ಲ, ಕೊನೆಗೆ ತಲುಪಿದ್ದು. ಪುಟದ ತಲೆಯಲ್ಲಿ ಮೂಲ ವಿಳಾಸ ಹೇಳೋ ಬೇಸ್ ಟ್ಯಾಗ್ ಕೂತಿದ್ದರೆ ಅದರ ಮಾತೇ ನಡೆಯೋದು. (ನನಗೆ ಒಂದಿಡೀ ಸಂಜೆ ತಿಂದದ್ದು ಈ ಬೇಸ್ ಟ್ಯಾಗೇ.)

ಮೇಲ್‌ಟು, ಜಾವಾಸ್ಕ್ರಿಪ್ಟ್ ಅಂತ ಶುರುವಾಗೋ ಲಿಂಕ್ ಬಿಸಾಕಿ, ಅವು ಪುಟಗಳಲ್ಲ. ಹ್ಯಾಶ್ ಚಿಹ್ನೆಯ ನಂತರದ್ದನ್ನು ಕತ್ತರಿಸಿ, ಇಲ್ಲದಿದ್ದರೆ ಒಂದೇ ಪುಟ ಹತ್ತು ಸಲ ಎಣಿಕೆಗೆ ಬರುತ್ತೆ.

ಇಷ್ಟೆಲ್ಲ ಮಾಡಿಯೂ ಪಟ್ಟಿ ಖಾಲಿ ಬಂತಾ? ಲಿಂಕ್‌ಗಳನ್ನು ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಆಮೇಲೆ ತುಂಬುತ್ತಿರಬೇಕು, ನಿಮಗೆ ಸಿಕ್ಕಿದ್ದು ಖಾಲಿ ಚೌಕಟ್ಟು. ಎಲ್ಲರೂ ತಕ್ಷಣ ಬ್ರೌಸರನ್ನೇ ಓಡಿಸೋ ಪ್ಲೇರೈಟ್ ಕಡೆ ಓಡ್ತಾರೆ. ನಾನು ಮೊದಲು ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್ (ಪುಟ ಏನೇನು ತರಿಸಿಕೊಂಡಿತು ಅಂತ ತೋರಿಸೋದು) ತೆರೀತೀನಿ. ಎಷ್ಟೋ ಸಲ ಬೇಕಾದ ಪಟ್ಟಿ ಅಲ್ಲೇ ಜೇಸನ್ ಅನ್ನೋ ನೇರ ದತ್ತಾಂಶದ ರೂಪದಲ್ಲಿ ಬಂದು ಬಿದ್ದಿರುತ್ತೆ. ಪಾರ್ಸರೂ ಬೇಡ, ರೆಜೆಕ್ಸೂ ಬೇಡ.

ಹಾಂ, ಸೈಟಿನ ರೋಬೋಟ್ಸ್ ಫೈಲ್ (ಸ್ಕ್ರಿಪ್ಟ್‌ಗಳು ಎಲ್ಲಿಗೆ ಬರಬಹುದು ಅಂತ ಹೇಳೋದು) ಓದಿ, ಎರಡು ಕೋರಿಕೆಗಳ ನಡುವೆ ಒಂದು ಸೆಕೆಂಡಾದರೂ ಸುಮ್ಮನಿರಿ. ಆ ಕಡೆ ಇರೋದು ಯಾರದೋ ಸಣ್ಣ ಸರ್ವರ್ ಇರಬಹುದು.