ಚಿಕ್ಕಪ್ಪನ ಪೇಟ

ಚೆನ್ನಾಗಿರುವ ವಿಡಿಯೊವನ್ನು ಹಾಳು ಮಾಡಲಿಕ್ಕೂ ಒಂದು ಸಾಫ್ಟ್‌ವೇರ್ ಉಂಟು. ಅದಕ್ಕೆ ಆಗಾಗ ಅಪ್‌ಡೇಟ್ ಬೇರೆ ಬರುತ್ತದೆ. ಅಕ್ಕನ ಮಗ ಮಂಗಳೂರಿನಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುತ್ತಾನೆ. ಮದರಂಗಿಯ ಕುಣಿತ, ಬೀಚಿನಲ್ಲಿ ಮದುಮಕ್ಕಳ ಓಡಾಟ ಎಲ್ಲವನ್ನೂ ದುಬಾರಿ ಕ್ಯಾಮೆರಾದಲ್ಲಿ ತೆಗೆಯುವುದು, ಆಮೇಲೆ ಅದು ಹಳೇ ವಿಎಚ್‌ಎಸ್ ಕ್ಯಾಸೆಟ್ಟಿನ ಹಾಗೆ ಕಾಣಲಿ ಅಂತ ರಾತ್ರಿಯಿಡೀ ಕೂರುವುದು. ಮೊನ್ನೆ ಕದ್ರಿಯ ಅವನ ರೂಮಿಗೆ ಹೋದಾಗ, "ಮಾವ, ಹೊಸ ವರ್ಶನ್ ಬಂತು. ಟ್ರ್ಯಾಕಿಂಗ್ ಗೀಟು ಈಗ ಭಾರೀ ಒರಿಜಿನಲ್ ಉಂಟು ನೋಡಿ" ಅಂದ. ನನಗೆ ಮೈ ಉರಿಯಿತು. ಟೇಪನ್ನು ಸರಿಯಾಗಿ ಓದಲಾಗದಿದ್ದರೆ ಚಿತ್ರದ ಮೇಲೆ ಏಳುವ ಆ ಗೀಟು ಹೋಗಲಿ ಅಂತ, ಕ್ಯಾಸೆಟ್ ಓಡಿಸುವ ವಿಸಿಆರಿನ ಎದುರು ಕುಕ್ಕರುಗಾಲಲ್ಲಿ ಕೂತು ನಾಬ್ ತಿರುಗಿಸಿ ತಿರುಗಿಸಿ ಸೋತವನು ನಾನು.

ಚಿತ್ರದ ಕೆಳಗಿನ ಅಂಚಿನಲ್ಲಿ ಒಂದು ಹರಕಲು ಪಟ್ಟಿಯನ್ನೂ ಹೆಮ್ಮೆಯಿಂದ ತೋರಿಸಿದ. ವಿಸಿಆರಿನ ಒಳಗೆ ತಿರುಗುವ ಡ್ರಮ್ಮಿನಲ್ಲಿ ಟೇಪನ್ನು ಓದುವ ಎರಡು ಹೆಡ್ ಇರುತ್ತವೆ. ಒಂದು ಓದಿ ಮುಗಿಸಿ ಇನ್ನೊಂದಕ್ಕೆ ಬಿಟ್ಟುಕೊಡುವಾಗ ಆಗುವ ಎಡವಟ್ಟು ಅದು. ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಕಂಡವರು ಯಾರು? ಹಳೇ ಟಿವಿಗಳು ಚಿತ್ರದ ಅಂಚನ್ನು ಚೌಕಟ್ಟಿನ ಹಿಂದೆ ಅಡಗಿಸಿಬಿಡುತ್ತಿದ್ದವು. ನಮ್ಮ ಮನೆಯಲ್ಲಿ ಒಬ್ಬರೂ ಕಾಣದ ಪಟ್ಟಿಯನ್ನು ಈಗ ಹಳೇ ಕಾಲ ಅಂತ ಮಾರುತ್ತಿದ್ದಾರೆ.

ಅದೂ ಹೋಗಲಿ. ಅವನ ಸಾಫ್ಟ್‌ವೇರಿನಲ್ಲಿರುವ ಹಾಳುಗಳೆಲ್ಲ ಅಮೆರಿಕದವು. ಅಲ್ಲಿ ಟಿವಿ ಪ್ರಸಾರಕ್ಕೆ ಇದ್ದದ್ದು ಎನ್‌ಟಿಎಸ್‌ಸಿ ಪದ್ಧತಿ, ಒಂದು ಚಿತ್ರಕ್ಕೆ 525 ಗೆರೆ. ಸಿಗ್ನಲ್ ಸ್ವಲ್ಪ ಆಚೀಚೆ ಆದರೆ ಮುಖ ಹಸಿರಿಗೋ ನೇರಳೆಗೋ ತಿರುಗುತ್ತಿತ್ತು. ಅದನ್ನು ಸರಿಮಾಡಲು ಅಲ್ಲಿನ ಟಿವಿಗಳಲ್ಲಿ ಟಿಂಟ್ ಅಂತಲೇ ಒಂದು ನಾಬ್. 1982ರಲ್ಲಿ ನಮ್ಮಲ್ಲಿಗೆ ಕಲರ್ ಬಂದದ್ದು ಪಾಲ್ ಪದ್ಧತಿಯಲ್ಲಿ, 625 ಗೆರೆ. ಅದು ಒಂದು ಬಿಟ್ಟು ಒಂದು ಗೆರೆಯಲ್ಲಿ ಬಣ್ಣದ ಸಿಗ್ನಲನ್ನು ಮಗುಚಿ ಹಾಕುತ್ತದೆ. ಹಾಗಾಗಿ ತಪ್ಪಿಗೆ ತಪ್ಪು ವಜಾ. ಬಣ್ಣ ತುಸು ಪೇಲವ ಆದೀತು, ಅಷ್ಟೆ. "ಉಳ್ಳಾಲದ ಮದುಮಗಳನ್ನು ಸುಮ್ನೆ ಯಾಕೆ ಹಸಿರು ಮಾಡುವುದು ಮಾರಾಯ?" ಅಂದೆ. "ಕಸ್ಟಮರಿಗೆ ಗೊತ್ತಾಗುದಿಲ್ಲ ಮಾವ" ಅಂದ.

ಹಾಳು ಅಂದರೆ ನಮ್ಮ ಚಿಕ್ಕಮ್ಮನ ಮದುವೆಯ ಕ್ಯಾಸೆಟ್. ಇ-180, ಮೂರು ಗಂಟೆಯದ್ದು. ಮೇ ತಿಂಗಳಲ್ಲಿ ಮದುವೆ, ಜೂನಿನಲ್ಲಿ ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಹಿಡಿದರೆ ಚಪ್ಪಲಿಗೂ ಬೂಷ್ಟು, ಆಲ್ಬಮ್ಮಿಗೂ ಬೂಷ್ಟು. ಕ್ಯಾಸೆಟ್ಟಿನ ಕಿಟಕಿಯೊಳಗೂ ಬಿಳಿ ಪುಡಿ ಕಂಡಿತು. ದೊಡ್ಡಪ್ಪ ದುಬೈಯಿಂದ ತಂದ ವಿಸಿಆರ್ ಇನ್ನೂ ನಾಜೂಕು. ಒಳಗೆ ತೇವ ಕಂಡರೆ 'ಡ್ಯೂ' ಅಂತ ದೀಪ ಹತ್ತಿಸಿ ಮುಷ್ಕರ ಹೂಡುತ್ತಿತ್ತು. ಮಳೆ ಜೋರಿರುವ ಆಟಿ ತಿಂಗಳಲ್ಲಿ ಅದು ದುಡಿದದ್ದಕ್ಕಿಂತ ರಜೆ ಹಾಕಿದ್ದೇ ಜಾಸ್ತಿ.

ಕಪಾಟಿನೊಳಗೆ ಬಲ್ಬು ಉರಿಸಿ ಕ್ಯಾಸೆಟ್ ಇಡಿ ಅಂದರು ದೊಡ್ಡಪ್ಪ. ಕರೆಂಟು ಇದ್ದರೆ ತಾನೇ ಬಲ್ಬು? ಅಜ್ಜಿಗೆ ಈ ಮಾತುಕತೆಯೆಲ್ಲ ಸಾಕಾಯಿತು. ಸೀದಾ ಹೋಗಿ ಕ್ಯಾಸೆಟ್ಟನ್ನು ಒಲೆಯ ಮೇಲಿನ ಅಟ್ಟಕ್ಕೇರಿಸಿದರು. ಅಲ್ಲಿದ್ದ ಸಾಂತಾಣಿಗೆ, ಅದೇ ಒಣಗಿಸಿದ ಹಲಸಿನ ಬೀಜಕ್ಕೆ, ಬೂಷ್ಟು ಬಂದದ್ದುಂಟಾ? ಹಲಸಿನ ಹಪ್ಪಳಕ್ಕೆ? ಅದು ಅವರ ವಾದ. ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ.

ಅಷ್ಟಮಿಗೆ ಚಿಕ್ಕಮ್ಮ ಚಿಕ್ಕಪ್ಪ ಬಂದಾಗ ಕ್ಯಾಸೆಟ್ ಕೆಳಗಿಳಿಯಿತು. ಬೂಷ್ಟು ಮಾಯ. ಮೈಯೆಲ್ಲ ಅಂಟು ಮಸಿ, ಹೊಗೆ ವಾಸನೆ. ಅಜ್ಜಿ ಸೆರಗಿನಲ್ಲಿ ಒರಸಿ ಕೊಟ್ಟರು. ದಿಬ್ಬಣ ಬಂತು, ಊಟದ ಎಲೆಗಳೂ ಬಂದವು, ಎಲ್ಲ ಸರಿಯಿತ್ತು. ಧಾರೆಯ ಹೊತ್ತಿಗೆ ಚಿತ್ರದ ಮೇಲ್ಭಾಗ ಬಲಕ್ಕೆ ಬಗ್ಗಿತು. ಬಿಸಿಗೆ ಟೇಪು ಎಳೆದುಕೊಂಡರೆ ಹಾಗೆಯೇ ಆಗುವುದು. ಚಿಕ್ಕಪ್ಪನ ಪೇಟ ಗಾಳಿಗೆ ಸಿಕ್ಕ ಬಾಳೆಯ ಹಾಗೆ ವಾಲಿ ನಡುಗತೊಡಗಿತು. ಕೆಳಗೆ ಮುಖ ಮಾತ್ರ ಅಲುಗಾಡದೆ ಮಂತ್ರ ಹೇಳುತ್ತಿತ್ತು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕೆವು. ಚಿಕ್ಕಪ್ಪ ನಗಲಿಲ್ಲ. ಪೇಟ ಕಟ್ಟಿದವನದ್ದೇ ತಪ್ಪು ಅಂದರು ಚಿಕ್ಕಮ್ಮ. ಕ್ಯಾಮೆರಾದವ ಕುಡಿದಿದ್ದ ಅಂದರು ದೊಡ್ಡಪ್ಪ. ಒಲೆಯ ಹೆಸರನ್ನು ಯಾರೂ ಎತ್ತಲಿಲ್ಲ. ಅಜ್ಜಿ ಅಲ್ಲೇ ಕೂತಿದ್ದರಲ್ಲ.

ಈ ಕತೆ ಕೇಳಿದ ಅಳಿಯ ಮರುದಿನವೇ ಚಿಕ್ಕಮ್ಮನ ಮನೆಗೆ ಹೋದ. ಪ್ರೀತಿಯಿಂದಲ್ಲ, ಸ್ಯಾಂಪಲ್ಲಿಗೆ. ಆ ಬಗ್ಗುವಿಕೆ ಅವನಿಗೆ ಬೇಕಂತೆ. ಕ್ಯಾಸೆಟ್ ಕೊಡುವಾಗ ಚಿಕ್ಕಮ್ಮ, "ಹೇಗೂ ಕಂಪ್ಯೂಟರಿಗೆ ಹಾಕ್ತಿ, ಆ ಪೇಟ ಒಂದು ನೆಟ್ಟಗೆ ಮಾಡ್ಲಿಕ್ಕೆ ಆಗ್ತದಾ ನೋಡು" ಅಂದರಂತೆ.

"ಇದರಲ್ಲಿ ಬಗ್ಗಿಸ್ಲಿಕ್ಕೆ ಮಾತ್ರ ಆಗುದು ಅಜ್ಜಿ. ನೆಟ್ಟಗೆ ಮಾಡುವ ಸಾಫ್ಟ್‌ವೇರ್ ಬೇರೆ. ಅದಕ್ಕೆ ದುಡ್ಡು ಉಂಟು."

"ಎಷ್ಟಾಗ್ತದೆ ಹೇಳು, ಕೊಡುವ" ಅಂತ ಒಳಗಿನಿಂದ ಚಿಕ್ಕಪ್ಪ.