ಎರಡನೇ ತೂತು

ಕೊಲ್ಹಾರದಲ್ಲಿ ಮೊಸರು ಮಾರುವ ಆಯಿಗೆ ನಮ್ಮ ಮನೆಮಂದಿಯೆಲ್ಲ ಗುರುತು. ಪುಣ್ಯ ಕಟ್ಟಿಕೊಂಡದ್ದು ನಮ್ಮ ವ್ಯಾನು. 1997ರ ಓಮ್ನಿ, ಕಾರ್ಬ್ಯುರೇಟರಿನದು, ಮೂರು ಸಿಲಿಂಡರ್, 796 ಸಿಸಿ. ವಾರವಿಡೀ ವಿಜಯಪುರದಲ್ಲಿ ನನ್ನ ಕಿರಾಣಿ ಅಂಗಡಿಯ ಮಾಲು ಹೊರುತ್ತದೆ, ತಿಂಗಳಿಗೊಮ್ಮೆ ಬಾಗಲಕೋಟೆ ನವನಗರದ ತಂಗಿಯ ಮನೆಗೆ ನಮ್ಮನ್ನು ಹೊರುತ್ತದೆ. ಹೋದ ವರ್ಷದಿಂದ ಅದಕ್ಕೊಂದು ಚಟ ಹತ್ತಿತ್ತು. ಊರು ಬಿಟ್ಟು ಮೂವತ್ತೈದು ಕಿಲೋಮೀಟರ್ ಆಗುತ್ತಲೇ, ಕೃಷ್ಣೆಯ ಸೇತುವೆ ಇನ್ನೇನು ಬಂತು ಅನ್ನುವಾಗ, ಎರಡು ಸಲ ಬಿಕ್ಕಿ ಬಂದ್ ಬೀಳುತ್ತಿತ್ತು. ಕೊಲ್ಹಾರದ ಕುಡಿಕೆ ಮೊಸರಿನ ಆಸೆ ಇದಕ್ಕೂ ಹತ್ತಿದೆ ಎಂದು ಮಕ್ಕಳು ನಗುತ್ತಿದ್ದರು.

ಮೊದಲ ಸಲ ನಿಂತಾಗ ಭಾವನಿಗೆ ಫೋನ್ ಹಚ್ಚಿದೆ. “ಪ್ಲಗ್ ತಗದು ತಿಕ್ರಿ.” ಓಮ್ನಿಯಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಹಾಗಾಗಿ ನಮ್ಮಾಕಿಯನ್ನು, ಅವಳ ತೊಡೆಯ ಮೇಲಿನ ರೊಟ್ಟಿ ಬುಟ್ಟಿಯನ್ನು, ಕೊನೆಗೆ ಸೀಟನ್ನು ಎಬ್ಬಿಸಬೇಕಾಯಿತು. ಮೂರೂ ಪ್ಲಗ್ ತೆಗೆದು ಉಸುಕಿನ ಕಾಗದದಿಂದ ತಿಕ್ಕಿ ಕೂಡಿಸುವುದರಲ್ಲಿ ಇಪ್ಪತ್ತು ನಿಮಿಷ. ಚಾವಿ ತಿರುವಿದೆ, ಚಾಲೂ! ಬಾಗಲಕೋಟೆ ಮುಟ್ಟುವವರೆಗೂ ನಾನು ಮೆಕ್ಯಾನಿಕಲ್ ಎಂಜಿನಿಯರ್ ಆಗಿದ್ದೆ.

ಮುಂದಿನ ತಿಂಗಳು ಅದೇ ಜಾಗ, ಅದೇ ಬಿಕ್ಕು. ಈ ಸಲ ಸೈಕಲ್ ಮೇಲೆ ಹೊಂಟವರೊಬ್ಬರು ಇಳಿದು, “ಬಿಸಲಿಗೆ ಪೆಟ್ರೋಲ್ ಕುದ್ದು ಪೈಪಿನ್ಯಾಗ ಆವಿ ಕಟ್ಟೇತ್ರಿ, ಪಂಪಿಗೆ ಹಸಿ ಅರಿವಿ ಸುತ್ರಿ” ಅಂದರು. ಮೇ ತಿಂಗಳು, ನಮ್ಮ ಕಡೆ ರಸ್ತೆಯ ಡಾಂಬರೇ ಬೆವರುವ ಕಾಲ. ಮಾತು ಖರೆ ಅನಿಸಿತು. ಮಗಳ ಟವೆಲ್ ತೋಯಿಸಿ ಸುತ್ತಿದೆವು, ಇಪ್ಪತ್ತು ನಿಮಿಷ ಕಾದೆವು, ಚಾಲೂ ಆಯಿತು. ಡಿಸೆಂಬರಿನಲ್ಲಿ ಸ್ವೆಟರ್ ಹಾಕಿಕೊಂಡು ಹೊರಟಾಗಲೂ ಅಲ್ಲೇ ನಿಂತಿತು. ಟವೆಲ್ ಸಿದ್ಧಾಂತ ಅಲ್ಲಿಗೆ ಮುಗಿಯಿತು.

ನಡುವೆ ಮಿಸ್ತ್ರಿ ಫಿಲ್ಟರ್ ಬದಲಿಸಿದ್ದ, ಪೆಟ್ರೋಲ್ ಪಂಪ್ ಬದಲಿಸಿದ್ದ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದಿದ್ದ. ಪ್ರತಿ ಸಲ ಗೋಳಗುಮ್ಮಟದವರೆಗೆ ಓಡಿಸಿಕೊಂಡು ಬಂದು “ಏನೂ ಇಲ್ರಿ ಸಾವಕಾರ್ರ, ಗಾಡಿ ಗುಂಡಿನಂಗ ಅದ” ಅನ್ನುತ್ತಿದ್ದ. ದವಾಖಾನೆ ಬಾಗಿಲಿಗೆ ಹೋದ ಕೂಡಲೇ ಜ್ವರ ಬಿಡುವ ಕೂಸಿನ ಹಾಗೆ ನಮ್ಮ ವ್ಯಾನು. ನಾನಂತೂ ಊರಿನಲ್ಲಿ ಯಾರ ಮುಂದೆ ವ್ಯಾನಿನ ಸುದ್ದಿ ತೆಗೆದರೂ, ಗುಮ್ಮಟದೊಳಗೆ ಒಂದು ಸಲ ಕೂಗಿದ್ದು ಏಳು ಸಲ ಮರಳುವ ಹಾಗೆ “ಪ್ಲಗ್ ನೋಡಿದ್ರೇನು?” ಎಂದೇ ಕೇಳಿಸುತ್ತಿತ್ತು.

ನಮ್ಮಾಕಿ ಒಂದು ಸಲ ರಸ್ತೆಯ ಮೇಲೇ ಚಕ್ರದ ಮುಂದೆ ಕಾಯಿ ಒಡೆದಳು. ಊದಿನಕಡ್ಡಿ ಪೂರ್ತಿ ಉರಿಯಲಿ ಎಂದು ಕಾಯಿಸಿದಳು. ವ್ಯಾನು ಅದಕ್ಕೂ ಚಾಲೂ ಆಯಿತು. “ನಿಮ್ಮ ಮಿಸ್ತ್ರಿಗೆ ಸುರದ ರೊಕ್ಕದಾಗ ಒಂದು ಗಾಡಿ ಕಾಯಿ ಬರ್ತಿದ್ವು” ಅಂದಳು. ಉತ್ತರ ಇರಲಿಲ್ಲ. ವಿಜ್ಞಾನ, ಮೂಢನಂಬಿಕೆ ಎಂಬ ಭೇದವೆಣಿಸದೆ ಈ ವ್ಯಾನು ಎಲ್ಲರಿಗೂ ಇಪ್ಪತ್ತು ನಿಮಿಷದಲ್ಲಿ ಒಲಿಯುತ್ತಿತ್ತು.

ಒಂದು ವಿಚಿತ್ರ ಮಾತ್ರ ತಲೆಯಲ್ಲಿ ಕೊರೆಯುತ್ತಿತ್ತು. ನೂರು, ಇನ್ನೂರು ರೂಪಾಯಿ ಪೆಟ್ರೋಲ್ ಹಾಕಿಸಿ ಊರಲ್ಲಿ ತಿರುಗಿದರೆ ತಕರಾರಿಲ್ಲ. ಟ್ಯಾಂಕ್ ತುಂಬಿಸಿದೆನೋ, ಕಥೆ ಮುಗಿಯಿತು. ಹೊಟ್ಟೆ ತುಂಬ ಉಂಡವರು ದಾರಿಯಲ್ಲಿ ಬೀಳುವುದೆಂದರೇನು? ಪೆಟ್ರೋಲಿನಲ್ಲೇ ಕಲಬೆರಕೆ ಎಂದು ಮೂರು ಬಂಕ್ ಬದಲಿಸಿದೆ. ಮೂರನೆಯ ಕಡೆ ಪೆಟ್ರೋಲ್ ಹಾಕುವ ಹುಡುಗ ಮುಚ್ಚಳ ತಿರುವಿದಾಗ ‘ಸುಸ್ಸ್’ ಎಂದು ಸದ್ದಾಯಿತು. “ನಿಮ್ಮ ಟ್ಯಾಂಕ್ ಉಸರ ಎಳಕೊಂಡಂಗ ಮಾಡ್ತದಲ್ರಿ ಕಾಕಾ” ಅಂದ. ನಾನು ಮೀಟರಿನಲ್ಲಿ ಸೊನ್ನೆ ಇದೆಯೋ ಇಲ್ಲವೋ ನೋಡುವ ಗಡಿಬಿಡಿಯಲ್ಲಿದ್ದೆ.

ಜನವರಿಯಲ್ಲಿ ಅಂಗಡಿಗೆ ಹೊಸ ಹುಡುಗ ಬಂದ. ಕುಸುಬಿ ಎಣ್ಣೆಯ ಹದಿನೈದು ಕಿಲೋ ಡಬ್ಬಿ ಒಡೆಯಲು ಹೇಳಿದೆ. ಮೊಳೆ ಇಟ್ಟು ಒಂದೇ ತೂತು ಹೊಡೆದು ಬಗ್ಗಿಸಿದ. ಗುಳುಕ್, ಗುಳುಕ್, ಆಮೇಲೆ ನಿಂತೇ ಬಿಟ್ಟಿತು.

“ಏ ಮಾರಾಯಾ, ಗಾಳಿ ಒಳಗ ಹೋಗದ ಎಣ್ಣಿ ಹೊರಗ ಹೆಂಗ ಬಂದೀತೋ? ಎರಡನೇ ತೂತು ಎಲ್ಲಿ...”

ಬೈಗುಳ ಅರ್ಧಕ್ಕೇ ನಿಂತಿತು. ಮೂವತ್ತು ವರ್ಷದಿಂದ ದಿನಾ ಡಬ್ಬಿಗೆ ಎರಡೆರಡು ತೂತು ಹೊಡೆಯುವ ಕಿರಾಣಿಯವ ನಾನು. ಹುಡುಗ ಮೊಳೆ ಎತ್ತಿಕೊಂಡು “ಹೊಡೀಲೇನ್ರಿ ಇನ್ನೊಂದು?” ಎಂದು ಕೇಳುತ್ತಿದ್ದ. ನಾನು ಬಾಗಿಲ ಬಳಿ ನಿಂತ ವ್ಯಾನಿನ ಮುಚ್ಚಳವನ್ನು ನೋಡುತ್ತಿದ್ದೆ.

ಆ ಮುಚ್ಚಳದ ಹಕೀಕತ್ತು ಇಷ್ಟು. ಹಳೆಯದನ್ನು ಹೋದ ವರ್ಷ ಬಂಕಿನಲ್ಲಿ ವ್ಯಾನಿನ ತಲೆಯ ಮೇಲಿಟ್ಟು, ರೊಕ್ಕ ಕೊಟ್ಟು, ಹಾಗೇ ಬಂದಿದ್ದೆ. ಎಲ್ಲಿ ಬಿತ್ತೋ ಸಿದ್ಧೇಶ್ವರನೇ ಬಲ್ಲ. ಪೇಟೆಯಲ್ಲಿ ಚಾವಿಯ ಹೊಸ ಮುಚ್ಚಳ ತಂದೆ. ದಪ್ಪ ರಬ್ಬರ್ ವಾಯ್ಸರ್. “ಒಂದು ಚೂರು ವಾಸನಿ ಹೊರಗ ಬರಂಗಿಲ್ರಿ” ಅಂದಿದ್ದ ಅಂಗಡಿಯವ. ಪ್ರಾಮಾಣಿಕ ಮನುಷ್ಯ. ಗಾಳಿ ಒಳಗೂ ಹೋಗುವುದಿಲ್ಲ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮಿಸ್ತ್ರಿಯ ಮುಂದೆ ಇದನ್ನೆಲ್ಲ ಒದರಿದೆ. ಅವನು ಬೀಡಿ ಆರಿಸಿ (ಆ ದಿನ ಅವನು ಮಾಡಿದ ಅತಿ ಶ್ಯಾಣ್ಯಾ ಕೆಲಸ) ವ್ಯಾನಿನ ಕೆಳಗೆ ನುಸುಳಿದ. ಟ್ಯಾಂಕಿಗೆ ಉಸಿರಾಡಲು ಸಣ್ಣದೊಂದು ರಬ್ಬರ್ ಪೈಪು ಬೇರೆಯೇ ಇರುತ್ತದೆ. ಬಿಚ್ಚಿ ತಂದು ಸೈಕಲ್ ಚಕ್ರದ ಕಡ್ಡಿ ತೂರಿಸಿದರೆ ಉದುರಿದ್ದು ಒಣಗಿದ ಕೆಸರಿನ ಬೆಂಡು, ಒಳಗೆ ಮೂರು ಸಣ್ಣ ಜೇಡ. ಕಣಜದ ಹುಳ ಮಣ್ಣಿನ ಗೂಡು ಕಟ್ಟಿ ಮರಿಗೆ ಬುತ್ತಿ ಇಟ್ಟು ಹೋಗಿತ್ತು. ಪೈಪು ಎಂದೋ ಮುಚ್ಚಿರಬೇಕು. ಹಳೆಯ ಮುಚ್ಚಳದೊಳಗಿನ ಸ್ಪ್ರಿಂಗ್ ವಾಲ್ವ್ ಅಷ್ಟಿಷ್ಟು ಗಾಳಿ ಬಿಡುತ್ತ ಹೇಗೋ ಸಂಸಾರ ತೂಗಿಸಿತ್ತು. ಅದೂ ಹೋದ ಮೇಲೆ ಟ್ಯಾಂಕಿಗೆ ಮೂಗೂ ಇಲ್ಲ, ಬಾಯಿಯೂ ಇಲ್ಲ.

ತುಂಬಿದ ಟ್ಯಾಂಕಿನ ಒಗಟೂ ಬಿಚ್ಚಿಕೊಂಡಿತು. ಫುಲ್ ಮಾಡಿಸಿದರೆ ಪೆಟ್ರೋಲಿನ ಮೇಲೆ ಗಾಳಿ ಉಳಿಯುವುದು ಎರಡೋ ಮೂರೋ ಲೀಟರಿನ ಜಾಗದಷ್ಟು. ಕೊಲ್ಹಾರ ಬರುವುದರೊಳಗೆ ಎಂಜಿನ್ ಎರಡು ಲೀಟರ್ ಕುಡಿದಿರುತ್ತದೆ. ಅಷ್ಟೇ ಗಾಳಿ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗಿ ಕೂಡಬೇಕು. ಒಳಗೆ ಒತ್ತಡ ಇಳಿದು ಟ್ಯಾಂಕ್ ತಿರುಗಿ ಜಗ್ಗುತ್ತದೆ, ಪಂಪಿನ ಶಕ್ತಿ ಸಾಲದು. ಟ್ಯಾಂಕ್ ಅರ್ಧಕ್ಕಿಂತ ಖಾಲಿ ಇದ್ದರೆ ಇಪ್ಪತ್ತು ಲೀಟರ್ ಗಾಳಿಗೆ ಎರಡು ಲೀಟರ್ ಹಿಗ್ಗುವುದು ಯಾವ ಲೆಕ್ಕ? ನಿಂತ ಇಪ್ಪತ್ತು ನಿಮಿಷದಲ್ಲಿ ರಬ್ಬರಿನ ಸಂದಿಯಿಂದ ಗಾಳಿ ಮೆಲ್ಲಗೆ ನುಸುಳಿ ಒಳಗೆ ಹೋಗುತ್ತಿತ್ತು. ಉಸುಕಿನ ಕಾಗದ, ಟವೆಲ್, ತೆಂಗಿನಕಾಯಿ ಎಲ್ಲಕ್ಕೂ ಯಶಸ್ಸು ತಂದುಕೊಟ್ಟದ್ದು ಇದೇ. ನಮ್ಮಾಕಿ ಮಾತ್ರ ಕಾಯಿಯ ವಿಷಯದಲ್ಲಿ ಇನ್ನೂ ಒಪ್ಪಿಲ್ಲ.

ಪೈಪಿನ ತುದಿಗೆ ಈಗ ಸಣ್ಣ ತಂತಿ ಜಾಳಿಗೆ ಕಟ್ಟಿದ್ದೇವೆ. ಮುಚ್ಚಳ ವಾಲ್ವ್ ಇರುವುದು. ಪಂಪು, ಫಿಲ್ಟರಿನ ರೊಕ್ಕ ಕೇಳಲು ಬಾಯಿ ತೆರೆದಿದ್ದೆ. ಮಿಸ್ತ್ರಿ ಮತ್ತೆ ಬೀಡಿ ಹಚ್ಚಿ, “ಅವೂ ಹಳೇವೇ ಆಗಿದ್ವಲ್ರಿ” ಅಂದ.

ಹೋದ ವಾರ ಟ್ಯಾಂಕ್ ತುಂಬಿಸಿ ಹೊರಟೆವು. ಬಿಕ್ಕುವ ಜಾಗ ಬಂತು, ಹೋಯಿತು. ಗೆದ್ದೆ ಎಂದು ಹಿಂದೆ ತಿರುಗಿದರೆ ಮಕ್ಕಳ ಮುಖ ಬಾಡಿತ್ತು. “ಅಪ್ಪಾ, ಇವತ್ತ ಮೊಸರ ಇಲ್ಲೇನು?”

ಬದಿಗೆ ತಂದು ನಿಲ್ಲಿಸಿದೆ. ಆಯಿ ಬುಟ್ಟಿ ಎತ್ತಿಕೊಂಡು ಬಂದವಳು ವ್ಯಾನಿನ ಕಡೆ ಮರುಕದಿಂದ ನೋಡಿ, “ಇವತ್ತೂ ಬಂದ್ ಬಿತ್ತೇನೋ ತಮ್ಮಾ?” ಅಂದಳು.

“ಹೂಂ ಆಯಿ” ಅಂದೆ. ಐದು ಕುಡಿಕೆ ತಗೊಂಡೆವು, ಇಪ್ಪತ್ತು ನಿಮಿಷ ಕೂತೆವು.